ಕೂಡಬಾರದಲ್ಲಿ ಕೂಡಿದ ಎಲುಬು

ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಚನ್ನಬಸಯ್ಯನ ಮನೆಯನ್ನು ಯಾರೂ ಯಾರಿಗೂ ತೋರಿಸಿಕೊಡಬೇಕಾಗಿರಲಿಲ್ಲ. ಮುಂಜಾನೆ ಏಳಕ್ಕೆಲ್ಲ ಅಂಗಳದಲ್ಲಿ ಕೈಯನ್ನು ಟವೆಲಿನಲ್ಲಿ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡವರು, ಪಾದ ಊದಿಸಿಕೊಂಡವರು, ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದವರು ಕಾಯುತ್ತಿರುತ್ತಿದ್ದರು. ಲೋಂಡಾ ಕಡೆಯವರು ರೈಲಿಗೆ ಬಂದರೆ, ಬೀಡಿ, ನಂದಗಡ ಊರುಗಳವರು ಬಸ್ಸಿಗೆ. ಎಲುಬು ಕೂಡಿಸುವುದು ಅವನಿಗೆ ಅಪ್ಪನಿಂದ ಬಂದ ವಿದ್ಯೆ, ಅಪ್ಪನಿಗೆ ಅವನ ಅಪ್ಪನಿಂದ. ಮುಟ್ಟಿದ ಕೂಡಲೇ ಒಳಗೆ ಯಾವುದು ಎಲ್ಲಿ ಸರಿದಿದೆಯೆಂಬುದು ಅವನ ಹೆಬ್ಬೆರಳಿಗೆ ತಿಳಿಯುತ್ತಿತ್ತು. ಬಂದವರನ್ನು ಊರು ಯಾವುದು, ಮಳೆ ಹೆಂಗಾಯಿತು ಎಂದು ಕೇಳುತ್ತ, ಅವರು ಉತ್ತರ ಕೊಡುತ್ತಿರುವಾಗಲೇ ಒಮ್ಮೆ ಸೆಳೆದು ಕೀಲು ಕೂಡಿಸಿಬಿಡುತ್ತಿದ್ದ. ಆಮೇಲೆ ಬಿದಿರಿನ ದಬ್ಬೆ, ಬಟ್ಟೆಯ ಪಟ್ಟಿ, ವಾರಗಟ್ಟಲೆ ಎಣ್ಣೆ. ಎಣ್ಣೆಯನ್ನು ಬೆಳಗಾವಿಯ ರವಿವಾರ ಪೇಟೆಯಿಂದ ಡಬ್ಬಿಗಟ್ಟಲೆ ತಂದು, ಬೇರು ಹಾಕಿ ಮನೆಯಲ್ಲೇ ಕಾಸುತ್ತಿದ್ದ. ‘ಅಯ್ಯನವರ ಕೈಯಾಗ ಗುಣ ಐತಿ’ ಎಂದು ಜನ ಹೇಳುತ್ತಿದ್ದರು. ಅವನೂ ಅದನ್ನು ನಂಬಿದ್ದ. ನಂಬದೆ ಮಾಡುವ ಕೆಲಸವಲ್ಲ ಅದು.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವನಿಗೂ ಕಾಂತಾಳಿಗೂ ಒಬ್ಬಳು ಮಗಳು ಹುಟ್ಟಿದಳು. ಮೇಘಾ. ದವಾಖಾನೆಯಲ್ಲಿ ಕೂಸನ್ನು ಕೈಗೆ ಕೊಟ್ಟಾಗ ಬೇರೆಯವರೆಲ್ಲ ಮುಖ ನೋಡಿದರೆ ಚನ್ನಬಸಯ್ಯ ಕಾಲು ನೋಡಿದ, ಕಸುಬಿನ ಚಟ. ಎರಡೂ ಪಾದದ ಹೆಬ್ಬೆರಳು ಮೋಟಾಗಿ, ಪಕ್ಕದ ಬೆರಳಿನ ಕಡೆಗೆ ಸೊಟ್ಟಗೆ ತಿರುಗಿದ್ದವು. ಮೂರು ತಿಂಗಳು ಎಣ್ಣೆ ಹಚ್ಚಿ ತೀಡಿ ನೋಡಿದ. ನೆಟ್ಟಗಾಗಲಿಲ್ಲ.

“ಹೋಗ್ಲಿ ಬಿಡ್ರಿ, ಕಾಲಬೆರಳ ನೋಡಿ ಯಾರ ಹೆಣ್ಣು ಬ್ಯಾಡ ಅಂತಾರ?” ಎಂದು ಕಾಂತಾ ನಕ್ಕಳು. ಬಿಟ್ಟುಬಿಟ್ಟರು.

ಹುಡುಗಿ ಚೆನ್ನಾಗಿ ಬೆಳೆದಳು. ಮಾತು ಜೋರು, ಓಟ ಜೋರು. ಕೊರೊನಾ ಬರುವ ಹಿಂದಿನ ವರ್ಷ, ಮೂರನೆಯ ಇಯತ್ತೆಯಲ್ಲಿದ್ದಾಗ, ಶಾಲೆಯಲ್ಲಿ ಖೋ ಖೋ ಆಡುತ್ತ ಅಂಗಾತ ಬಿದ್ದಳು. ಮರುದಿನ ಬಲ ಹೆಗಲಿನ ಹಿಂದೆ ಒಂದು ಬಾವು ಎದ್ದಿತ್ತು, ಲಿಂಬೆಹಣ್ಣಿನಷ್ಟು, ಮುಟ್ಟಿದರೆ ಬಿಸಿ. ಚನ್ನಬಸಯ್ಯ ಬೆರಳಾಡಿಸಿ ನೋಡಿದ. ಎಲುಬು ಮುರಿದಿರಲಿಲ್ಲ, ಕೀಲು ಸರಿದಿರಲಿಲ್ಲ. ಮಾಂಸ ಹೊರಳಿದೆ, ನಾಲ್ಕು ದಿನ ತಿಕ್ಕಿದರೆ ಇಳಿದೀತು ಎಂದುಕೊಂಡ. ತಿಕ್ಕಿದ. ಬಾವು ಇಳಿಯಲಿಲ್ಲ, ಅಂಗೈಯಗಲವಾಯಿತು. ಇನ್ನೂ ಜೋರಾಗಿ ತಿಕ್ಕಿದ. ಹುಡುಗಿ ಚೀರಾಡತೊಡಗಿದಳು.

“ತಡಕೋ ಅವ್ವಾ, ಜರಾ ತಡಕೋ. ಕೆಟ್ಟ ರಕ್ತ ಹರದು ಹೋಗಬೇಕು,” ಎನ್ನುತ್ತಿದ್ದ. ಒದ್ದಾಡುವ ಕಾಲನ್ನು ಕಾಂತಾ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ದಿನಾ ಮುಂಜಾನೆ ಅಂಗಳದ ಜನರನ್ನು ನೋಡುವುದಕ್ಕೆ ಮೊದಲು ಮಗಳ ಸರದಿ. ಹೀಗೆ ಐದು ವಾರ.

ಐದು ವಾರಕ್ಕೆ ಬಾವು ಇಳಿಯಿತು. ಇಳಿದ ಜಾಗದಲ್ಲಿ ಅವನ ಹೆಬ್ಬೆರಳಿಗೆ ಸಿಕ್ಕಿದ್ದು ಎಲುಬು. ಹೆಗಲ ಹಲಗೆಯಿಂದ ಬೆನ್ನೆಲುಬಿನ ಕಡೆಗೆ ಓರೆಯಾಗಿ ಹಾದ, ಕಿರುಬೆರಳಿನ ಗಾತ್ರದ ಒಂದು ಎಲುಬು. ಮೂವತ್ತು ವರ್ಷ ಸಾವಿರಾರು ಬೆನ್ನು ಮುಟ್ಟಿದ ಅವನಿಗೆ ಅಲ್ಲಿ ಎಲುಬು ಇರುವುದಿಲ್ಲವೆಂದು ಗೊತ್ತಿತ್ತು. ಎರಡು ಸಲ ಮುಟ್ಟಿ ನೋಡಿದ. ಕಾಂತಾಳಿಗೆ ಹೇಳಲಿಲ್ಲ. ಮೇಘಾಳ ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದು ನಿಂತುಹೋಯಿತು. ಎರಡೇ ತಿಂಗಳಿಗೆ ಕುತ್ತಿಗೆಯ ಹಿಂದೆ ಇನ್ನೊಂದು ಬಾವು ಎದ್ದಿತು. ಚನ್ನಬಸಯ್ಯ ಮತ್ತೆ ತಿಕ್ಕಿದ. ಅವನಿಗೆ ಬೇರೇನು ಬರುತ್ತಿತ್ತು?

ಕುತ್ತಿಗೆ ಹೊರಳದಂತಾದಾಗ ಅಂಜಿಕೆಯಾಗಿ ಬೆಳಗಾವಿಗೆ ಕರೆದೊಯ್ದರು. ಅಲ್ಲಿಯ ಒಂದು ದವಾಖಾನೆಯ ದೊಡ್ಡ ಡಾಕ್ಟರು ಗಡ್ಡೆ ಇರಬಹುದು, ಕ್ಯಾನ್ಸರ್ ಕೂಡ ಇರಬಹುದು ಎಂದು ಬೆನ್ನು ಕೊಯ್ದು ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲವೆಂದು ಬಂತು. ಕಾಂತಾ ದವಾಖಾನೆಯ ಹೊರಗೆ ನಿಂತು ಎಲ್ಲರಿಗೂ ಪೇಢೆ ಹಂಚಿದಳು. ಆದರೆ ಹೊಲಿಗೆ ಬಿಚ್ಚುವ ಹೊತ್ತಿಗೆ ಕೊಯ್ದ ಜಾಗದ ಸುತ್ತ ಇಡೀ ಬೆನ್ನು ಬಾತುಕೊಂಡಿತು. ಬಾವು ಇಳಿದಾಗ ಮೇಘಾಳ ಬೆನ್ನು ಬಾಗುತ್ತಿರಲಿಲ್ಲ.

ಕಾಂತಾಳ ತಮ್ಮ ಪ್ರಸಾದ ಪೀರನವಾಡಿಯಲ್ಲಿ ಮನೆ ಮಾಡಿದ್ದ, ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ಅಲ್ಲಿ ಇಲ್ಲಿ ಕೇಳಿ, ಮಕ್ಕಳ ಎಲುಬಿನ ರೋಗ ನೋಡುವ ಮುಗ್ಧಾ ಎಂಬ ಡಾಕ್ಟರರ ಹೆಸರು ಹಿಡಿದುಕೊಂಡು ಬಂದವನು ಅವನೇ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮನೆಮಾತು ಮರಾಠಿ, ಕನ್ನಡ ಬೆಳಗಾವಿಯ ಪೇಟೆಯದು. ಆಕೆ ಬೆನ್ನು ನೋಡಲಿಲ್ಲ, ಎಕ್ಸ್‌ರೇ ಫಿಲ್ಮು ನೋಡಲಿಲ್ಲ. ಮೊದಲು, “ಚಪ್ಪಲಿ ಬಿಚ್ಚ ಬಾಳಾ,” ಎಂದು ಹುಡುಗಿಗೆ ಹೇಳಿದಳು. ಮೇಘಾಳ ಎರಡು ಸೊಟ್ಟ ಹೆಬ್ಬೆರಳನ್ನು ಬಗ್ಗಿ ನೋಡಿದಳು. ಆಮೇಲೆ ನರ್ಸಿಗೆ ಹೇಳಿ ಹುಡುಗಿಯನ್ನು ಹೊರಗೆ ಕಳಿಸಿದಳು.

“ಕಾಕಾ, ನೀವು ಎಲುಬು ಕೂಡಸಾವ್ರು ಅಂತ ಪ್ರಸಾದ ಹೇಳ್ಯಾರ. ಹಂಗಾರ ನಿಮಗ ಇದು ಲಗೂ ತಿಳೀತೈತಿ,” ಎಂದು ಒಂದು ಹಾಳೆ ತೆಗೆದು ಕೀಲಿನ ಚಿತ್ರ ಬರೆದಳು. “ಮೈಯಾಗ ಒಂದನ್ನೊಂದು ಕೂಡಿಸಿ ಹಿಡಿಯೂ ಪದಾರ್ಥ ಅಂತ ಅದಾವು. ಒಂದಲ್ಲ, ಭಾಳ ಥರ. ಎಲುಬು ಅದರಾಗಿಂದ. ಕಿವಿ, ಮೂಗಿನ ತುದಿಯಾಗ ಇರತೈತಲ್ಲ, ಆ ಮೆತ್ತನ್ನ ಎಲುಬು, ಅದೂ ಅದರಾಗಿಂದ. ಎಲುಬಿಗೆ ಎಲುಬು ಬಿಗಿದಿರೂ ಪಟ್ಟಿ, ಮಾಂಸಾನ ಎಲುಬಿಗೆ ಕಟ್ಟಿರೂ ಹುರಿ, ಮಾಂಸದ ಮ್ಯಾಲಿನ ತೆಳ್ಳನ್ನ ಪೊರಿ, ತೊಗಲಿನ ಬುಡದ ಕೊಬ್ಬು, ರಕ್ತ.”

“ರಕ್ತಾನೂ ಏನ್ರಿ?”

“ರಕ್ತಾನೂ. ಒಂದು ಕಡಿಂದ ಇನ್ನೊಂದು ಕಡಿಗೆ ಒಯ್ದು ಮುಟ್ಟಸತೈತಲ್ಲ. ಎಲ್ಲಾ ಒಂದ ಮನೆತನದ್ದು, ಕೆಲಸ ಬ್ಯಾರೆ ಬ್ಯಾರೆ. ಎಲುಬು ಭಾರ ಹೊರತೈತಿ. ಪಟ್ಟಿ ಕೀಲು ಸರೀದಂಗ ಹಿಡೀತೈತಿ. ಹುರಿ ಎಳೀತೈತಿ, ಕೊಬ್ಬು ಪೆಟ್ಟು ತಡೀತೈತಿ. ನಮಗ ಪೆಟ್ಟಾದ್ರ ಮಾಂಸ ಹರದಲ್ಲಿ ಮಾಂಸ ಕೂಡತೈತಿ, ಪಟ್ಟಿ ಹರದಲ್ಲಿ ಪಟ್ಟಿ ಕೂಡತೈತಿ. ಮೇಘಾನ ಮೈಯಾಗ ಹಂಗ ಆಗೂದಿಲ್ಲ. ಎಲ್ಲಿ ಪೆಟ್ಟು ಬಿದ್ರೂ ಅಲ್ಲಿ ಎಲುಬ ಬೆಳೀತೈತಿ. ಮಾಂಸ ಹೋಗಿ ಎಲುಬು, ಪಟ್ಟಿ ಹೋಗಿ ಎಲುಬು. ತಾಯಿ ಹೊಟ್ಟ್ಯಾಗಿಂದನ ಬಂದದ್ದು. ಆ ಬೆರಳು ಅದರ ಗುರ್ತು.”

ಚನ್ನಬಸಯ್ಯ ಚಿತ್ರವನ್ನೇ ನೋಡುತ್ತಿದ್ದ. ಆಕೆ ಹೇಳಿದ ಒಂದೊಂದೂ ಅವನಿಗೆ ಬೆರಳ ತುದಿಯಲ್ಲಿ ಗೊತ್ತಿದ್ದುದೇ. ಹೆಸರು ಮಾತ್ರ ಹೊಸದು.

“ಬೆಳದದ್ದು ಕೊಯ್ದು ತಗದ್ರ, ಬಾಯಾರ?” ಕಾಂತಾ ಕೇಳಿದಳು.

“ಕೊಯ್ದಷ್ಟೂ ಬೆಳೀತೈತ್ರಿ ಮಾವಶಿ. ಆ ತುಣುಕು ತಗದದ್ದು ಆಗಬಾರದಿತ್ತು. ಅವರಿಗೂ ಗೊತ್ತಾಗಿರಲಿಕ್ಕಿಲ್ಲ, ಹತ್ತು ಲಕ್ಷ ಮಂದ್ಯಾಗ ಒಬ್ಬರಿಗೆ ಬರೂ ರೋಗ ಇದು. ನಾನೂ ಪುಸ್ತಕದಾಗ ಬಿಟ್ರ ಇವತ್ತ ನೋಡಿದ್ದು.”

“ಔಷಧ?”

“ಬಾವು ಬಂದಾಗ ನಾಕು ದಿನ ಗುಳಿಗಿ. ರೋಗಾನ ತಡಿಯೂ ಔಷಧ ಇಲ್ಲಿ ಯಾರ ಕಡಿಯೂ ಇಲ್ಲ. ಬಿದ್ದರ, ಮಾಂಸದಾಗ ಸೂಜಿ ಚುಚ್ಚಿದ್ರ, ಜ್ವರ ಬಂದ್ರ, ತಿಕ್ಕಿದ್ರ ಹೆಚ್ಚಾಗತೈತಿ.” ಆಕೆ ತಲೆ ಎತ್ತಿದಳು. “ಬಾವು ಇದ್ದಾಗ ಯಾರರ ತಿಕ್ಕ್ಯಾರೇನು?”

 ಚನ್ನಬಸಯ್ಯ ಚಿತ್ರದ ಹಾಳೆಯನ್ನು ಮಡಚತೊಡಗಿದ.

“ಇಲ್ರಿ,” ಎಂದಳು ಕಾಂತಾ. “ಯಾರೂ ತಿಕ್ಕಿಲ್ಲ.”

“ಅದೊಂದು ಚಲೋ ಆತು,” ಎಂದು ಡಾಕ್ಟರ್ ಮುಗ್ಧಾ ಬರೆದುಕೊಂಡಳು.

 ಮನೆಗೆ ಬಂದು ಹುಡುಗಿ ಆಚೆ ಹೋದ ಮೇಲೆ ಚನ್ನಬಸಯ್ಯ ಕೇಳಿದ: “ಯಾಕ ಸುಳ್ಳು ಹೇಳಿದಿ?”

ಕಾಂತಾ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಆಕಿ ಮುಂದ ನಿಮ್ಮ ಮಾರಿ ಕೆಳಗಾಗೂದು ನೋಡೂದಾಗಲಿಲ್ಲ.” ಒಂದು ಹರಳು ಆರಿಸಿ ಎಸೆದು, “ಕಾಲು ಹಿಡದಾಕಿ ನಾನಲ್ಲೇನು?” ಎಂದಳು.

ಅವಳು ಬೈದಿದ್ದರೆ ಒಳ್ಳೆಯದಿತ್ತು. ಆ ದಿನವಲ್ಲ, ಯಾವ ದಿನವೂ ಅವಳು ಅವನನ್ನು ಬೈಯಲಿಲ್ಲ.

ಮರುದಿನ ಮುಂಜಾನೆ ಅಂಗಳದಲ್ಲಿ ಆರೇಳು ಜನ. ಮೊದಲಿಗೆ ಕೃಷ್ಣಾಜಿ ಎಂಬ ಮುದುಕ, ಕಟ್ಟಿಗೆ ಅಡ್ಡೆಯ ಹಳೆಯ ಆಳು, ಮೂರನೆಯ ಸಲ ಹೆಗಲು ಸರಿಸಿಕೊಂಡು ಬಂದಿದ್ದ. ಚನ್ನಬಸಯ್ಯ ಬಾಗಿಲಲ್ಲೇ ನಿಂತು, “ಇನ್ನ ಮುಂದ ನಾ ನೋಡೂದಿಲ್ಲ. ಸರಕಾರಿ ದವಾಖಾನಿಗೆ ಹೋಗ್ರಿ,” ಎಂದ.

“ಅಸಾ ಕಸಾ ಅಯ್ಯಾ? ಹಿಂಗ ಅಂದ್ರ ಹೆಂಗ? ಕೈ ಹರದು ಹೋಗೂವಂಗ ಆಗೇತಿ,” ಎಂದು ಕೃಷ್ಣಾಜಿ ಅಳತೊಡಗಿದ. ಎಪ್ಪತ್ತು ವರ್ಷದ ಗಂಡಸು ಹಾಗೆ ಅಳುವುದನ್ನು ನೋಡಲಾಗದೆ ಚನ್ನಬಸಯ್ಯ ಮೆಟ್ಟಿಲಿಳಿದ. ಮುದುಕನ ಮೊಣಕೈ ಹಿಡಿದು, ಹೊರಕ್ಕೆ ತಿರುವಿ, ಮೇಲೆತ್ತಿದ. ಟಕ್ ಎಂದು ಕೀಲು ಕೂಡಿತು. ಇಷ್ಟು ನಯವಾಗಿ ಅದು ಎಂದೂ ಕೂಡಿರಲಿಲ್ಲ. ಕೃಷ್ಣಾಜಿ ಕಣ್ಣೊರೆಸಿಕೊಂಡು ಅವನ ಕಾಲು ಮುಟ್ಟಲು ಬಗ್ಗಿದ. ಚನ್ನಬಸಯ್ಯ ಹಿಂದೆ ಸರಿದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಕೈ ಏನನ್ನೂ ಮರೆತಿರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ಆ ದಿನದಿಂದ ಅವನು ಯಾರ ಎಲುಬನ್ನೂ ಮುಟ್ಟಲಿಲ್ಲ. ಬಹಳ ದಿನ ಜನ ಬಂದು ಬಂದು ತಿರುಗಿದರು. ಕೆಲವರು ಅಯ್ಯನವರಿಗೆ ಸೊಕ್ಕು ಬಂದಿದೆ ಎಂದರು, ಕೆಲವರು ಯಾರೋ ಮಾಟ ಮಾಡಿಸಿದ್ದಾರೆ ಎಂದರು. ಬೀಡಿ ಊರಿನಲ್ಲಿ ಹಿರಿಯರ ಹೊಲದ ಪಾಲಿತ್ತು. ಅದನ್ನು ತಾನೇ ಮಾಡತೊಡಗಿದ. ದಿನಾ ಬಸ್ಸಿಗೆ ಹೋಗಿ ಸಂಜೆಗೆ ಬರುವನು.

ಒಂದು ಸೋಮವಾರ ಹೊಲಕ್ಕೆ ಹೋಗುತ್ತೇನೆಂದು ಹೇಳಿ ಬೆಳಗಾವಿಯ ಬಸ್ಸು ಹತ್ತಿದ. ಡಾಕ್ಟರ್ ಮುಗ್ಧಾಳ ಕೋಣೆಯಲ್ಲಿ, ಕುರ್ಚಿ ತೋರಿಸಿದರೂ ಕೂರದೆ, “ನನ್ನ ಹೆಣತಿ ಸುಳ್ಳು ಹೇಳಿದ್ಲರಿ ಬಾಯಾರ. ನಾ ತಿಕ್ಕಿದ್ದೆ. ಹೆಗಲು ಐದು ವಾರ, ಕುತಿಗಿ ಮೂರು ವಾರ. ಆಕಿ ಒದರಿದಷ್ಟೂ ಜೋರ ತಿಕ್ಕಿದ್ದೆ,” ಎಂದ.

ಆಕೆ ಪೆನ್ನು ಕೆಳಗಿಟ್ಟಳು. “ನಿಮಗ ಗೊತ್ತಿರಲಿಲ್ಲ.”

“ತಿಕ್ಕದಿದ್ರ ಇದು ಬರತಿರಲಿಲ್ಲೇನು?”

“ಬರತಿತ್ತು. ಇಂದಲ್ಲ ನಾಳೆ ಬರೂದ.”

“ಎಷ್ಟು ದಿನ ತಡಾ ಆಗತಿತ್ತು?”

ಆಕೆ ಸುಳ್ಳು ಹೇಳಬಹುದಿತ್ತು. “ಗೊತ್ತಿಲ್ಲ ಕಾಕಾ. ತಿಂಗಳೋ, ವರ್ಷೋ. ಯಾರೂ ಹೇಳಾಕ ಆಗೂದಿಲ್ಲ.”

ಅವನು ಕೈ ಮುಗಿದು ಹೊರಬಿದ್ದ. ಬಸ್‌ಸ್ಟ್ಯಾಂಡಿನವರೆಗೆ ನಡೆದೇ ಹೋದ. ಅಪರಾಧಿ ಎಂದು ಯಾರಾದರೂ ಹೇಳಿದ್ದರೆ ತಲೆಬಾಗಿಸಬಹುದಿತ್ತು, ಅಲ್ಲವೆಂದಿದ್ದರೆ ಉಸಿರಾಡಬಹುದಿತ್ತು. ಎರಡೂ ಸಿಗಲಿಲ್ಲ.

ವರ್ಷಗಳು ಹೋದವು. ರೋಗ ಒಂದಿಷ್ಟು ತಿಂಗಳು ಸುಮ್ಮನಿರುತ್ತಿತ್ತು, ಇನ್ನೇನು ಹೋಯಿತು ಎನ್ನುವಾಗ ಮತ್ತೆಲ್ಲೋ ಏಳುತ್ತಿತ್ತು. ಅವಳ ಹತ್ತನೇ ವಯಸ್ಸಿಗೆ ಎಡಗೈ ಪಕ್ಕೆಗೆ ಅಂಟಿತು. ಹನ್ನೆರಡಕ್ಕೆ ಬಲಗೈ ಮೊಣಕೈಯಲ್ಲಿ ಮಡಚಿಕೊಂಡು ಎದೆಯ ಮುಂದೆ ನಿಂತುಬಿಟ್ಟಿತು. ಬೆರಳು ಆಡುತ್ತಿದ್ದವು, ಎದೆಯೆತ್ತರಕ್ಕೆ ಹಲಗೆ ಹಿಡಿದರೆ ಬರೆಯುತ್ತಿದ್ದಳು. ಕಾಂತಾ ಅವಳ ಜಡೆ ಹಾಕುತ್ತಿದ್ದಳು, ಊಟ ಮಾಡಿಸುತ್ತಿದ್ದಳು, ಹಿಂದಿನಿಂದ ಯಾರೂ ತಳ್ಳದಂತೆ ಶಾಲೆಯವರೆಗೆ ಜೊತೆಗೆ ನಡೆಯುತ್ತಿದ್ದಳು. ಯಾರಾದರೂ ಕರೆದರೆ ಮೇಘಾ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ಆದರೂ ಶಾಲೆ ಬಿಡಲಿಲ್ಲ. ಲೆಕ್ಕದಲ್ಲಿ ಮುಂದಿದ್ದಳು. ಗೆಳತಿಯರ ಮೇಲೆ ರೇಗುತ್ತಿದ್ದಳು, ಅವ್ವನ ಪಲ್ಯಕ್ಕೆ ಹೆಸರಿಡುತ್ತಿದ್ದಳು, ಮೊಬೈಲಿಗಾಗಿ ಜಗಳ ತೆಗೆಯುತ್ತಿದ್ದಳು.

ಒಂಬತ್ತನೆಯ ಇಯತ್ತೆಯಲ್ಲಿ ವಿಜ್ಞಾನದ ಪುಸ್ತಕದಲ್ಲಿ ಅಂಗಾಂಶಗಳು ಎಂಬ ಪಾಠ ಬಂತು. ಆ ವಾರ ಬಲ ಮಣಿಕಟ್ಟು ನೋಯುತ್ತಿತ್ತು. ಟಿಪ್ಪಣಿ ಬರೆದುಕೊಡು ಎಂದು ಅಪ್ಪನನ್ನು ಕರೆದಳು. ಭಾನುವಾರ ಮಧ್ಯಾಹ್ನ, ಕಾಂತಾ ನೀರು ತುಂಬಲು ಹೋಗಿದ್ದಳು. ಚನ್ನಬಸಯ್ಯ ಚಾಪೆಯ ಮೇಲೆ ಕೂತು ನೋಟ್‌ಬುಕ್ ತೆರೆದ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಅಕ್ಷರ ದಪ್ಪ.

“ಬರಿ. ಸಂಯೋಜಕ ಅಂಗಾಂಶದ ವಿಧಗಳು ಮತ್ತು ಕಾರ್ಯಗಳು,” ಎಂದು ಮೇಘಾ ಹೇಳಿದಳು. “ಅಡಿಗೆರಿ ಎಳಿ. ಒಂದು, ಮೂಳೆ. ದೇಹಕ್ಕೆ ಆಕಾರ ಮತ್ತು ಆಧಾರ ಕೊಡುತ್ತದೆ. ಎರಡು, ಮೃದ್ವಸ್ಥಿ. ಕೀಲುಗಳಲ್ಲಿ ಮೂಳೆಗಳ ತುದಿಯನ್ನು ನುಣುಪಾಗಿಸುತ್ತದೆ. ಮೂರು, ಅಸ್ಥಿರಜ್ಜು. ಮೂಳೆಯನ್ನು ಮೂಳೆಗೆ ಕಟ್ಟುತ್ತದೆ. ನಾಕು, ಸ್ನಾಯುರಜ್ಜು…”

“ಹಿಮ್ಮಡದ ಮ್ಯಾಲ ಹಗ್ಗದಂಗ ಸಿಗತೈತಲ್ಲ, ಅದಲ್ಲೇನು?” ಎಂದ ಅವನು. “ಅದು ಹರದ್ರ ಭಾಳ ತ್ರಾಸು. ನಿಮ್ಮಜ್ಜ ಒಬ್ಬಂದು ಆರು ತಿಂಗಳು ಕಟ್ಟಿದ್ದ, ಕೂಡಲಿಲ್ಲ.”

“ಹಂ, ಅದ. ಸ್ನಾಯುವನ್ನು ಮೂಳೆಗೆ ಕಟ್ಟುತ್ತದೆ. ನೀ ನಮ್ಮ ಸರ್‌ಗಿಂತ ಚಲೋ ಹೇಳ್ತಿ,” ಎಂದಳು. ಅವನಿಗೆ ನಗು ಬಂತು. ಎಷ್ಟೋ ವರ್ಷದ ಮೇಲೆ ಯಾರೋ ಅವನ ವಿದ್ಯೆಯ ಮಾತು ಎತ್ತಿದ್ದರು. ಕೊಬ್ಬಿನ ಅಂಗಾಂಶ, ರಕ್ತ ಎಂದು ಬರೆಯುತ್ತ ಹೋದ. ಪಾಠದ ಕೊನೆಯ ಸಾಲು ಬರೆದು ಮುಗಿಸುವಾಗ ಮೇಘಾ ಅದೇ ದನಿಯಲ್ಲಿ ಕೇಳಿದಳು:

“ಅಪ್ಪಾ, ನೀ ತಿಕ್ಕಿದ್ದಕ್ಕ ನನಗ ಹೆಚ್ಚಾತಲ್ಲಾ?”

ಪೆನ್ನು ಹಾಳೆಯ ಮೇಲೆ ನಿಂತಿತು. ಅವಳ ಕುತ್ತಿಗೆ ಬಾಗುತ್ತಿರಲಿಲ್ಲವಾದ್ದರಿಂದ, ನೆಲದ ಮೇಲೆ ಕೂತ ಅಪ್ಪನನ್ನು ಅವಳು ಕಣ್ಣು ಕೆಳಗಿಳಿಸಿ ನೋಡಬೇಕಿತ್ತು. ನೋಡುತ್ತಿದ್ದಳು.

“ಹೌದು,” ಎಂದ.

“ಮೊಬೈಲಿನ್ಯಾಗ ಓದಿದ್ದೆ. ಎರಡು ವರ್ಷಾತು.”

“ಮತ್ತ ಯಾಕ ಕೇಳಲಿಲ್ಲ?”

“ನೀ ಹೇಳ್ತೀಯೇನೋ ಅಂತ ಸುಮ್ಮ ಇದ್ದೆ.”

ಅವನು ಹೇಳಬಹುದಾದ ಮಾತುಗಳೆಲ್ಲ ನಾಲಗೆಗೆ ಬಂದವು: ಗೊತ್ತಿರಲಿಲ್ಲ, ನಿನ್ನ ಒಳ್ಳೇದಕ್ಕ ಮಾಡಿದೆ, ಹೆಂಗಿದ್ರೂ ಬರೂದಿತ್ತು. ಎಲ್ಲವೂ ಖರೇ. ಒಂದನ್ನೂ ಹೇಳಲಿಲ್ಲ. “ತಪ್ಪಾತವ್ವಾ,” ಎಂದ.

ಮೇಘಾ ಅತ್ತ ತಿರುಗಿ ನಿಂತಳು. ಪೂರ್ತಿ ತಿರುಗಲು ಅವಳಿಗೆ ನಾಲ್ಕು ಹೆಜ್ಜೆ ಬೇಕಿತ್ತು. “ನಾ ಒದರಾಡಿದ್ದು ನನಗ ನೆನಪೈತಿ,” ಎಂದಳು. “ಸಾಕು ಅಪ್ಪಾ ಸಾಕು ಅಂತಿದ್ದೆ. ನೀ ಕೇಳಲಿಲ್ಲ.” ಸಿಟ್ಟಿನಿಂದ ಹೇಳಿದಂತಿರಲಿಲ್ಲ, ಸಮಾಧಾನದಿಂದಲೂ ಅಲ್ಲ. ಅಂದಿನಿಂದ ಹದಿನೈದು ದಿನ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದಳು. ಆಡದೆ ಹೇಗೆ ನಡೆದೀತು, ಎದ್ದರೆ ಕೂತರೆ ಅವನ ಕೈ ಬೇಕು.

ಮಳೆಗಾಲದಲ್ಲಿ ಊರಿಗೆಲ್ಲ ಬಂದ ಜ್ವರ ಮೇಘಾಳಿಗೂ ಬಂತು. ಜ್ವರ ಇಳಿದ ಎಂಟು ದಿನಕ್ಕೆ ಎರಡೂ ತೊಡೆಯ ಸಂದು ಬಾತವು. ಗುಳಿಗೆ ಕೊಟ್ಟರು. ಬಾವು ಜಗ್ಗಲಿಲ್ಲ. ಮುಗ್ಧಾ ಫೋನಿನಲ್ಲಿ ಫೋಟೋ ನೋಡಿ, ಭಾನುವಾರ ತಾನೇ ಖಾನಾಪುರಕ್ಕೆ ಬಂದಳು. ಮೇಘಾಳನ್ನು ನೋಡಿ, ಚಹಾ ಕುಡಿಯದೆ, ಮೂವರ ಎದುರಿಗೇ ಹೇಳಿದಳು. ಈ ಸಲ ಹುಡುಗಿಯನ್ನು ಹೊರಗೆ ಕಳಿಸಲಿಲ್ಲ.

“ಈ ಕೀಲು ಎರಡೂ ಹೋಗತಾವು. ಒಂದೂವರಿ ಎರಡು ತಿಂಗಳದಾಗ. ಹೆಂಗ ಇಟ್ಕೊಂಡಿರತಿ ಹಂಗ ಗಟ್ಟಿ ಆಗತಾವು, ಬಾಳಾ. ಕುಂತಿದ್ರ ಕುಂತಂಗ. ನೆಟ್ಟಗ ಇದ್ರ ನಿಂತಂಗ. ಯಾವುದು ಬೇಕು ಅನ್ನೂದು ವಿಚಾರ ಮಾಡ್ರಿ. ಆಮ್ಯಾಲ ಬದಲು ಮಾಡಾಕ ಆಗೂದಿಲ್ಲ.”

ಕಾಂತಾ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆ ತಿಕ್ಕುವ ಸದ್ದು ಬಂತು. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತಿದ್ದಳು.

ಪ್ರಸಾದ ಮರುದಿನವೇ ಬಂದು, “ಕುಂತಂಗ ಇರ್ಲಿ ಮಾವಾರ. ಗಾಲಿ ಕುರ್ಚಿ ತರೂಣು. ಸಾಲಿಗೆ ಹೋಗಬಹುದು, ಕಾಲೇಜಿಗೆ ಹೋಗಬಹುದು,” ಎಂದ. ಚನ್ನಬಸಯ್ಯನಿಗೂ ಅದೇ ಸರಿ ಕಂಡಿತು.  ಮೂರನೆಯ ದಿನ ಮೇಘಾ, “ನಿಂತಂಗ,” ಎಂದಳು.

“ಯಾಕವ್ವಾ? ಜಲ್ಮಗಟ್ಲೆ ನಿಂತು…” ಎಂದ ಚನ್ನಬಸಯ್ಯ.

“ಕುಂತ್ರ ಹಾಸಗಿಗೆ, ಬಚ್ಚಲಕ್ಕ, ಬಾಗಲಕ್ಕ ಎಲ್ಲಾದಕ್ಕೂ ನೀವಿಬ್ರೂ ಎತ್ತಬೇಕು. ನಿಂತ್ರ ಮೊಣಕಾಲು ಆಡೂತನಾ ನಾನ ಬಾಗಲಕ್ಕ ಹೋಗಿ ನಿಂದರ್ತೀನಿ. ಯಾರನ್ನೂ ಕರಿಯೂದಿಲ್ಲ.” ಆಮೇಲೆ, “ಅವ್ವಗ ಸೊಂಟ ನೋವೈತಿ,” ಎಂದಳು.

ಆ ಎರಡು ತಿಂಗಳು ಚನ್ನಬಸಯ್ಯ ಹೊಲಕ್ಕೆ ಹೋಗಲಿಲ್ಲ. ಜೀವಮಾನವಿಡೀ ಎಲುಬನ್ನು ಹೇಗೆ ಇಟ್ಟರೆ ಹಾಗೆ ಕೂಡುತ್ತದೆಂದು ಬಲ್ಲವನು ಅವನು; ಈಗ ಮಗಳ ಕಾಲಿನ ಬದಿಗೆ ದಿಂಬು, ಮಡಚಿದ ಕೌದಿ ಇಟ್ಟು, ನೆಟ್ಟಗಿವೆಯೇ ಎಂದು ದಾರ ಹಿಡಿದು ನೋಡುತ್ತಿದ್ದ. ಒತ್ತುವಂತಿಲ್ಲ, ಎಳೆಯುವಂತಿಲ್ಲ, ಕಟ್ಟುವಂತಿಲ್ಲ. ಕೈ ಹತ್ತಿರ ಹೋಗಿ ಹಿಂದೆ ಬರುತ್ತಿತ್ತು. ನೋವು ತಡೆಯಲಾಗದಾಗ ಮೇಘಾ ಎಡ ಮೊಣಕಾಲನ್ನು ತಾನಾಗಿ ಮೇಲೆಳೆದುಕೊಳ್ಳುತ್ತಿದ್ದಳು, ನಿದ್ದೆಯಲ್ಲೂ ಅದೇ. “ನೆಟ್ಟಗ ಮಾಡಿಡವ್ವಾ,” ಎಂದು ಬೇಡಿಕೊಳ್ಳುತ್ತಿದ್ದ. ಬೇಡಿಕೊಳ್ಳುವುದೊಂದೇ ಅವನು ಮಾಡಬಹುದಾಗಿದ್ದ ಇಲಾಜು.

ಬಾವು ಇಳಿದಾಗ ಬಲಗಾಲು ಅವಳು ಕೇಳಿದಂತೆ ನೆಟ್ಟಗೆ ಕೂಡಿತ್ತು. ಎಡಗಾಲು ಕೇಳಿರಲಿಲ್ಲ. ತೊಡೆ ಅರ್ಧ ಮಡಚಿ, ಒಳಕ್ಕೆ ತಿರುಗಿ ಗಟ್ಟಿಯಾಗಿತ್ತು. ಕೂರಲು ಬಲಗಾಲು ಬಿಡದು. ನಿಲ್ಲಲು ಎಡಗಾಲು ನೆಲಕ್ಕೆ ಮುಟ್ಟದು. ಬಾಗಿಲವರೆಗೆ ತಾನೇ ಹೋಗುವ ಆಸೆಯೂ ಅಲ್ಲಿಗೆ ಮುಗಿಯಿತು. ಬಡಿಗೇರ ಲಕ್ಷ್ಮಪ್ಪ ಅಳತೆ ತೆಗೆದುಕೊಂಡು, ಓರೆಯಾಗಿ ನಿಲ್ಲಿಸಿದ ಒಂದು ಹಲಗೆ ಮಾಡಿಕೊಟ್ಟ. ಹಗಲೆಲ್ಲ ಅದಕ್ಕೆ ಒರಗಿ, ಬಲಗಾಲಿನ ಮೇಲೆ ಭಾರ ಬಿಟ್ಟು ಅವಳು ನಿಂತಿರುತ್ತಿದ್ದಳು. ಶಾಲೆ ನಿಂತಿತು. ಹೆಡ್‌ಮಾಸ್ತರರು ಒಮ್ಮೆ ಬಂದು, ಹೊರಗಿನಿಂದ ಪರೀಕ್ಷೆಗೆ ಕೂರಬಹುದು ಎಂದರು. ಕೂರುವ ಮಾತು ಬಾಯಿಂದ ಬಂದದ್ದಕ್ಕೆ ತಾವೇ ನಾಚಿ, ಬೇಗ ಎದ್ದು ಹೋದರು.

ಚಳಿ ಶುರುವಾದಾಗ ಅವಳ ಉಸಿರು ಮೋಟಾಯಿತು. ಎದೆಯ ಪರೀಕ್ಷೆಗೆ ಬೆಳಗಾವಿಗೇ ಹೋಗಬೇಕಿತ್ತು. ಬಸ್ಸಿನಲ್ಲಿ, ಕಾರಿನಲ್ಲಿ ಅವಳು ಹಿಡಿಸುವುದಿಲ್ಲ. ಟೆಂಪೋದಲ್ಲಿ ಮಲಗಿಸಿದರೆ ರಸ್ತೆಯ ಒಂದೊಂದು ತಗ್ಗೂ ಒಂದೊಂದು ಹೊಸ ಎಲುಬು. ರೈಲೇ ಆಗಬೇಕಾಯಿತು. ಮುಗ್ಧಾ ಅವಳ ಬಾಯಿಗೆ ನಳಿಗೆ ಕೊಟ್ಟು ಊದಿಸಿದಳು. ಪಕ್ಕೆಲುಬುಗಳ ನಡುವಿನ ಮಾಂಸವೂ ಗಟ್ಟಿಯಾಗುತ್ತಿದೆ, ಎದೆ ಅರಳುತ್ತಿಲ್ಲ, ನೆಗಡಿ ಬರದಂತೆ ನೋಡಿಕೊಳ್ಳಿ ಎಂದಳು. ದವಡೆಯೂ ಬಿಗಿಯುತ್ತಿತ್ತು, ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು. ಮೇಘಾ ಎಲ್ಲವನ್ನೂ ಕೇಳಿಸಿಕೊಂಡು, “ಇನ್ನ ಎಷ್ಟು ವರ್ಷ?” ಎಂದು ಕೇಳಿದಳು.  ಮುಗ್ಧಾ ಅವಳ ಹಣೆಯ ಮೇಲಿನ ಕೂದಲನ್ನು ಸರಿಪಡಿಸಿ, ಮುಂದಿನ ರೋಗಿಯನ್ನು ಕರೆಯಲು ತಡಮಾಡಿದಳು.

ಮರಳುವಾಗ ಬೆಳಗಾವಿ ಸ್ಟೇಶನ್ನಿನಲ್ಲಿ ಪ್ರಸಾದನೂ ಚನ್ನಬಸಯ್ಯನೂ ಅವಳನ್ನು ಮಂಚದಂತೆ ಎತ್ತಿ ಡಬ್ಬಿಯೊಳಗೆ ಸೇರಿಸಿದರು. ಬಾಗಿಲ ಪಕ್ಕದ ಗೋಡೆಗೆ ಒರಗಿಸಿ, ಎಡಗಾಲ ಕೆಳಗೆ ಚೀಲವಿಟ್ಟು, ಉದ್ದನೆಯ ಶಾಲು ಹೊದಿಸಿದರು. ಪ್ರಸಾದ ಇಳಿದುಕೊಂಡ. ಚನ್ನಬಸಯ್ಯ ಎರಡೂ ಕೈಯನ್ನು ಅವಳ ಬದಿಯ ಗೋಡೆಗೆ ಊರಿ ನಿಂತ. ಗಾಡಿ ಅಲುಗಿದರೆ ಅವಳು ತನ್ನ ತೋಳಿಗೆ ಬಡಿಯಬೇಕು, ಕಬ್ಬಿಣಕ್ಕಲ್ಲ. ಮಧ್ಯಾಹ್ನದ ಗಾಡಿ, ಡಬ್ಬಿ ಅರ್ಧ ಖಾಲಿ.

ಗಾಡಿ ಬಿಡುವಾಗ ಮುದುಕಿಯೊಬ್ಬಳು ಓಡುತ್ತ ಬಂದು ಹತ್ತಿದಳು. ಒಳಗೆ ಬುಟ್ಟಿ ಇಟ್ಟು ಕೂತು, ಇವರನ್ನು ನೋಡಿ, “ಅಲ್ಯಾಕ ನಿಂತೀರವ್ವಾ? ಬರ್ರಿ, ಇಲ್ಲಿ ಜಾಗ ಭಾಳ ಐತಿ, ಕುಂದರ್ರಿ,” ಎಂದು ಕರೆದಳು. ಬಾಜೂವಿನ ಜಾಗವನ್ನು ಸೆರಗಿನಿಂದ ಒರೆಸಿಯೂ ಕೊಟ್ಟಳು.

“ಬ್ಯಾಡ್ರಿ ಅಜ್ಜಿ,” ಎಂದಳು ಮೇಘಾ. ಹಲ್ಲಿನ ಸಂದಿಯಿಂದ ಮಾತು ಹಿಸುಕಿಕೊಂಡು ಬಂತು. “ನಾವು ಮುಂದಿನ ಸ್ಟೇಶನ್ನಿಗೆ ಇಳಿಯಾವ್ರು.”

ಮುದುಕಿ ತಲೆಯಾಡಿಸಿ ಎಲೆಅಡಿಕೆ ತೆಗೆದಳು. ಚನ್ನಬಸಯ್ಯನ ತೋಳು ಸೋಲತೊಡಗಿತ್ತು. ಅವನು ಕೈ ಬದಲಿಸಲಿಲ್ಲ. ಮುಂದಿನ ಸ್ಟೇಶನ್ ದೇಸೂರು ಬಂತು. ಗಾಡಿ ನಿಂತಿತು, ಒಬ್ಬಿಬ್ಬರು ಇಳಿದರು, ಗಾಡಿ ಹೊರಟಿತು. ಮುದುಕಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಬೆರಳು ನಿಲ್ಲಿಸಿ ಇವರ ಕಡೆ ನೋಡಿದಳು. ಶಾಲಿನ ಕೆಳಗೆ ಇಣುಕುತ್ತಿದ್ದ ಕಾಲನ್ನು ನೋಡಿದಳು. ಎಲೆ ಮಡಚಿ ಬಾಯಿಗಿಟ್ಟುಕೊಂಡು ಕಿಟಕಿಯ ಕಡೆ ತಿರುಗಿದಳು. ಮೇಘಾ ಬಾಗಿಲಾಚೆಯ ಭತ್ತದ ಗದ್ದೆಗಳ ಕಡೆಗೆ ಕಣ್ಣಿಟ್ಟು, ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತ ನಿಂತಿದ್ದಳು. ಖಾನಾಪುರ ಇನ್ನೂ ದೂರವಿತ್ತು.